ಎಲ್ಡರ್ ಕರ್ಕಡನನ್ನು ಕರೆಯಲು ಹೋದದ್ದು

ಶನಿವಾರ ಬೆಳಿಗ್ಗೆ ಆರು ಗಂಟೆಗೆ ನಾನು ದುಬೈ ಬಿಟ್ಟಾಗ ಪಕ್ಕದಲ್ಲಿ ನಿಂತಿದ್ದ ಬಸ್ಸಿನ ನಂಬರು ಕೂಡ ಕಾಣಿಸುತ್ತಿರಲಿಲ್ಲ. ಮರುಭೂಮಿಯಲ್ಲಿ ಮಂಜು ಬೀಳುತ್ತದೆ ಎಂದರೆ ನಮ್ಮ ಬೆಟಗೇರಿಯಲ್ಲಿ ಯಾರೂ ನಂಬುವುದಿಲ್ಲ. ಆದರೆ ಜನವರಿಯ ಕೆಲವು ದಿನ ಇಲ್ಲಿ ಹೀಗೇ. ಸಮುದ್ರದಿಂದ ಬಂದ ತೇವ ರಾತ್ರಿಯೆಲ್ಲ ಮರಳಿನ ಮೇಲೆ ಕೂತು, ಬೆಳಗಾಗುವಷ್ಟರಲ್ಲಿ ರಸ್ತೆಯನ್ನೇ ನುಂಗಿಬಿಟ್ಟಿರುತ್ತದೆ. ಇಬ್ನ್ ಬತೂತಾ ನಿಲ್ದಾಣದಲ್ಲಿ ಅಬುಧಾಬಿ ಬಸ್ಸಿನ ಯಂತ್ರಕ್ಕೆ ಕಾರ್ಡು ಮುಟ್ಟಿಸಿದೆ, ಇಪ್ಪತ್ತೈದು ದಿರ್ಹಮ್ ಹೋಯಿತು. ಕಿಟಕಿಯ ಪಕ್ಕ ಕೂತೆ. ತೊಡೆಯ ಮೇಲೆ ಒಂದು ಡಬ್ಬಿ. ಅದರಲ್ಲಿ ಹೆಂಡತಿ ಸುನೀತಾ ಮಾಡಿಕೊಟ್ಟ ಶೇಂಗಾ ಹೋಳಿಗೆ.

ನಾನು ಹೊರಟಿದ್ದು ಮದೀನತ್ ಜಾಯೆದ್‌ಗೆ. ಅಬುಧಾಬಿಯಿಂದ ಪಶ್ಚಿಮಕ್ಕೆ ಎರಡೂವರೆ ತಾಸಿನ ದಾರಿ. ತೈಲ, ಗ್ಯಾಸಿನ ಕೆಲಸದವರ ಊರು. ಅಲ್ಲಿರುವ ಗೆಳೆಯ ಕರ್ಕಡನನ್ನು ಮರುದಿನದ ಕಾರ್ಯಕ್ಕೆ ಕರೆಯಬೇಕಿತ್ತು. ಫೋನಿನಲ್ಲಿ ಎರಡು ಸಲ ಕರೆದಿದ್ದೆ. ಎರಡು ಸಲವೂ "ನೋಡುವಾ ಮಾರಾಯ" ಎಂದಿದ್ದ. ಅದನ್ನು ಅವ್ವನಿಗೆ ಹೇಳಿದರೆ ಅವಳು ಊರಿನಿಂದಲೇ ನನಗೆ ಬೈದಳು: "ಫೋನಿನ್ಯಾಗ ಕರದ್ರ ಕರದಂಗ ಆಗ್ತೈತೇನೋ? ಹೋಗಿ, ಮನಿ ಹೊಸ್ತಿಲ ಮ್ಯಾಲ ನಿಂತು ಕರಿ. ಡಿಗ್ರಿ ಮಾಡೀ ಅಂತ ರೀತಿ ಮರೀಬ್ಯಾಡ."

ಕಾರ್ಯವೆಂದರೆ ನನ್ನ ಮಗಳಿಗೆ ಹೆಸರಿಡುವುದು. ನಾವು ಮಾರ್ಮನ್ ಪಂಗಡದ ಕ್ರೈಸ್ತರು. ನಮ್ಮಲ್ಲಿ ಮಗುವಿಗೆ ಸಭೆಯ ಮುಂದೆ ಹೆಸರಿಡುತ್ತಾರೆ. ದೀಕ್ಷೆ ಪಡೆದ ಕೆಲವು ಗಂಡಸರು ವೃತ್ತವಾಗಿ ನಿಂತು, ಎಡಗೈಯನ್ನು ಪಕ್ಕದವನ ಹೆಗಲ ಮೇಲಿಟ್ಟು, ಬಲಗೈಯನ್ನು ಮಗುವಿನ ಕೆಳಗೆ ಸೇರಿಸಿ ಎತ್ತಿ ಹಿಡಿಯುತ್ತಾರೆ. ತಂದೆ ಹೆಸರು ಹೇಳಿ ಪ್ರಾರ್ಥಿಸುತ್ತಾನೆ; ಎರಡೂ ಕೈ ತುಂಬಿರುವ ಅವನ ಬಾಯಿಗೆ ಇನ್ನೊಬ್ಬ ಮೈಕ್ ಹಿಡಿದು ನಿಲ್ಲುತ್ತಾನೆ. ದುಬೈಯ ನಮ್ಮ ಸಭೆಯಲ್ಲಿ ಒಳ್ಳೆಯ ಮಂದಿ ಇದ್ದಾರೆ. ಫಿಲಿಪೀನ್ಸ್‌ನವರು, ಅಮೆರಿಕದವರು, ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಆದರೆ ನನ್ನ ಅಪ್ಪ ತೀರಿಹೋಗಿದ್ದಾನೆ, ಅಣ್ಣತಮ್ಮಂದಿರಿಲ್ಲ. "ನಮ್ಮ ಕಡೀಂದ ಒಬ್ಬರರೆ ಕೂಸಿಗೆ ಕೈ ಕೊಡಬೇಕಪಾ" ಎಂದಿದ್ದಳು ಅವ್ವ. ನಮ್ಮ ಕಡೆಯವನು ಎಂದು ಈ ದೇಶದಲ್ಲಿ ನನಗಿದ್ದವನು ಕರ್ಕಡ ಒಬ್ಬನೇ.

ಅವನು ನನಗೆ ಸಿಕ್ಕಿದ್ದು ದಿಲ್ಲಿಯ ಚಳಿಯಲ್ಲಿ. ನಮ್ಮ ಪಂಗಡದ ಹುಡುಗರು ಹರೆಯದಲ್ಲಿ ಎರಡು ವರ್ಷ ಮನೆ ಬಿಟ್ಟು ಸೇವೆಗೆ ಹೋಗುತ್ತಾರೆ. ನಾನು ಬಿ.ಕಾಂ. ಎರಡನೆಯ ವರ್ಷ ನಿಲ್ಲಿಸಿ ಹೋದೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಹೆಸರಿನ ಮುಂದೆ 'ಎಲ್ಡರ್', ಅಂದರೆ ಹಿರಿಯ. ಫೋಟೋ ನೋಡಿ ಅವ್ವ ನಕ್ಕಿದ್ದಳು: "ಮೀಸಿ ಮೂಡಿಲ್ಲ, ಇಂವಗ ಹಿರ್ಯಾ ಅಂತಾರ!" ನನ್ನಪ್ಪ ಗದಗಿನ ಮಾರುಕಟ್ಟೆಯಲ್ಲಿ ಹಮಾಲಿ, ಅವ್ವ ನೇಕಾರರ ಮನೆಗಳಿಗೆ ನೂಲು ಸುತ್ತಿಕೊಡುವವಳು. ನಮ್ಮ ಮನೆತನದಲ್ಲಿ ಟೈ ಕಟ್ಟಿದವನು ನಾನೇ ಮೊದಲಿಗ, ಮುಂದೆ ಡಿಗ್ರಿ ತೆಗೆದುಕೊಂಡವನೂ ನಾನೇ ಮೊದಲಿಗ. ಟೈ ಕಟ್ಟುವುದನ್ನು ಕಲಿಸಿದವನು ಉಡುಪಿ ಕಡೆಯ ಈ ಎಲ್ಡರ್ ಕರ್ಕಡ.

ಬಸ್ಸು ಜೆಬೆಲ್ ಅಲಿ ದಾಟಿತು. ಹೊರಗೆ ಏನೂ ಕಾಣದೆ ದಿಲ್ಲಿಯೇ ಕಾಣತೊಡಗಿತು. ನಸುಕಿಗೆ ಎದ್ದು ಬಕೀಟಿಗೆ ಹೀಟರ್ ರಾಡ್ ಇಳಿಬಿಟ್ಟು, ನೀರು ಕಾಯುವವರೆಗೆ ರಜಾಯಿ ಹೊದ್ದು ಓದುತ್ತಿದ್ದೆವು. ಸೋಮವಾರ ಬಟ್ಟೆ ಒಗೆಯುವ ದಿನ. ಒಗೆದ ಅಂಗಿ ಬುಧವಾರವಾದರೂ ಒಣಗದು. ಕರ್ಕಡ ಹಸಿ ಅಂಗಿಯ ಮೇಲೇ ಇಸ್ತ್ರಿ ಓಡಿಸಿ, ಹಬೆ ಏಳುತ್ತಿರುವಾಗಲೇ "ಹಾಕು ಬೇಗ, ಬೆಚ್ಚಗುಂಟು" ಎಂದು ನನ್ನ ಮೇಲೆ ಎಸೆಯುತ್ತಿದ್ದ. ಯಾರಾದರೂ ಕರೆದರೆ ಅವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು, ಸಂಜೆ ಮಕ್ಕಳಿಗೆ ಪುಕ್ಕಟೆ ಇಂಗ್ಲಿಷ್ ಪಾಠ ಹೇಳುವುದು. ಸಂಜೆ ಹೇಳಬೇಕಾದ ಪಾಠವನ್ನು ಬೆಳಿಗ್ಗೆ ನಾನೇ ಕರ್ಕಡನಿಂದ ಕಲಿಯುತ್ತಿದ್ದೆ. ಚಹಾ, ಕಾಫಿ ನಮಗೆ ನಿಷಿದ್ಧ. ಆ ಚಳಿಯಲ್ಲಿ ಹೋದ ಮನೆಯಲ್ಲೆಲ್ಲ ಶುಂಠಿ ಚಹಾದ ಪರಿಮಳ, ನಮ್ಮಿಬ್ಬರಿಗೆ ಬಿಸಿನೀರು. ನಮ್ಮ ಓಣಿಯ ಹುಡುಗರು ನಮ್ಮನ್ನು "ಗರಂ ಪಾನಿ ಭೈಯಾ" ಎಂದೇ ಕೂಗುತ್ತಿದ್ದರು.

ಸೇವೆಯಲ್ಲಿ ಒಂದು ಕಟ್ಟುನಿಟ್ಟಿನ ನೇಮವಿತ್ತು. ಜೊತೆಗಾರ ಯಾವಾಗಲೂ ಕಣ್ಣಿಗೆ ಕಾಣುವಷ್ಟು, ದನಿ ಕೇಳುವಷ್ಟು ಹತ್ತಿರ ಇರಬೇಕು. ನಾನು ದಿಲ್ಲಿಗೆ ಹೋದ ಹೊಸತರಲ್ಲಿ ಒಂದು ಸಂಜೆ ಮೆಟ್ರೋ ಬಾಗಿಲು ನಮ್ಮಿಬ್ಬರ ನಡುವೆ ಮುಚ್ಚಿಕೊಂಡಿತು. ಕರ್ಕಡ ಒಳಗೆ, ನಾನು ಹೊರಗೆ. ಇಬ್ಬರಿಗೂ ಸೇರಿ ಇದ್ದ ಒಂದೇ ಫೋನು ಅವನ ಜೇಬಿನಲ್ಲಿ. ನನಗೆ ಹಿಂದಿ ಬಾರದು. ಆ ಜನಜಂಗುಳಿಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಅಳುತ್ತ ನಿಂತಿದ್ದೆ. ತಿರುಗಿ ಬಂದವನು ಮೊದಲು ಬೈದ, ಆಮೇಲೆ ಹುರಿದ ಶೇಂಗಾ ಕೊಡಿಸಿದ, ಆಮೇಲೆ ಹೇಳಿದ: "ಇನ್ನು ಹೀಗಾದ್ರೆ ಹೆದರ್ಬಾರ್ದು. ಮುಂದೆ ಹೋದವ ಮುಂದಿನ ಸ್ಟೇಷನಲ್ಲಿ ಇಳಿದು ಕಾಯುದು. ಹಿಂದೆ ಉಳಿದವ ಮುಂದಿನ ಗಾಡಿ ಹತ್ತುದು. ಗೊತ್ತಾಯ್ತಾ?" ಆಮೇಲೆ ಎರಡು ಸಲ ಹಾಗಾಯಿತು. ಎರಡು ಸಲವೂ ಸರಿಯಾಗಿ ಕೂಡಿಕೊಂಡೆವು.

ಅಬುಧಾಬಿಯ ದೊಡ್ಡ ನಿಲ್ದಾಣ ಮುಟ್ಟಿದಾಗ ಎಂಟು ದಾಟಿತ್ತು. ಒಂದು ಪರೋಟ ತಿಂದು ಮದೀನತ್ ಜಾಯೆದ್ ಬಸ್ಸು ಹತ್ತಿದೆ; ಇಲ್ಲಿ ಬೇರೆ ಕಾರ್ಡು. ಮಂಜಿಗಾಗಿ ರಸ್ತೆಯ ಮೇಲಿನ ಫಲಕಗಳು ವೇಗ ಎಂಬತ್ತಕ್ಕೆ ಇಳಿಸಿ ಎಂದು ಮಿನುಗುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಪೇಶಾವರದ ಮುದುಕ ಡ್ರೈವರ್‌ನತ್ತ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತ ಗೊಣಗಿದ, ಆಮೇಲೆ ನನ್ನ ಡಬ್ಬಿಯತ್ತ ನೋಡಿದ. ಒಂದು ಹೋಳಿಗೆ ಕೊಟ್ಟೆ. ಬದಲಿಗೆ ಅವನು ಎರಡು ಖರ್ಜೂರ ಕೊಟ್ಟ. ತರೀಫ್ ಬಳಿ ಬಸ್ಸು ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ಹೊರಳಿದಾಗ ಮಂಜು ಚದುರಿತು. ಎರಡೂ ಕಡೆ ಬೇಲಿ, ಬೇಲಿಯಾಚೆ ಒಂಟೆ, ಪೈಪಿನ ನೀರು ಕುಡಿದು ಬೆಳೆದ ಮರಗಳ ಸಾಲು, ಅದರಾಚೆ ಬರೀ ಮರಳು.

ಕರ್ಕಡನಿಗೆ ಶನಿವಾರ ವಾರದ ರಜೆ, ನಿಲ್ದಾಣದಲ್ಲೇ ನಿಂತಿದ್ದ. ಮೈ ತುಂಬಿಕೊಂಡಿದ್ದಾನೆ, ಕಿವಿಯ ಮೇಲೆ ನರೆ ಬಂದಿದೆ. ಗ್ಯಾಸ್ ಕೆಲಸದ ಕಾಂಟ್ರ್ಯಾಕ್ಟ್ ಕಂಪನಿಯೊಂದರಲ್ಲಿ ಅವನು ಸೇಫ್ಟಿ ಆಫೀಸರ್.

"ಬಾ ಎಲ್ಡರ್ ಹೊಸಮನಿ! ಟೈ ಎಲ್ಲಿ?"

"ಮನ್ಯಾಗ ಬಿಟ್ಟೇನಿ. ನಿಂದೇನು ಕೆಲಸ ಈಗ?"

"ಅದೇ, ಬೋಧನೆ. ಹೆಲ್ಮೆಟ್ ಹಾಕಿ, ಬೆಲ್ಟು ಕಟ್ಟಿ ಅಂತ ಸಾರುದು. ಕೇಳುವವರು ಅಂದಿನಷ್ಟೇ ಜನ" ಎಂದು ನಕ್ಕ.

ಅವನಿರುವ ಕಂಪನಿಯ ಕ್ಯಾಂಪಿನೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಹೊಸ್ತಿಲ ಮೇಲೆ ನಿಂತು ಕರೆಯುವ ಅವ್ವನ ರೀತಿ ಅಲ್ಲಿಗೇ ತಪ್ಪಿತು. ಅವನು ನನ್ನನ್ನು ಮಾರ್ಕೆಟ್ಟಿನ ಬಳಿ ಒಂದು ಕೆಫೆಟೇರಿಯಾಕ್ಕೆ ಕರೆದುಕೊಂಡು ಹೋದ. ಮಾಲೀಕ ಹಮೀದ್, ಪುತ್ತೂರು ಕಡೆಯ ಬ್ಯಾರಿ. ಕನ್ನಡ ಕೇಳುತ್ತಲೇ ಅವರ ಮುಖ ಅರಳಿತು. ಮೀನು ಸಾರು, ಅನ್ನ, ಹುರಿದ ಮೀನು. ಉಂಡು ಮುಗಿಯುತ್ತಲೇ, ನಾವು ಕೇಳದೆಯೇ, ಅವರು ಎರಡು ಲೋಟ ಕರಕ್ ಚಹಾ ತಂದಿಟ್ಟರು.

"ಕರ್ಕಡರದ್ದು ಯಾವಾಗಿನ ಹಾಗೆ ಸಕ್ಕರೆ ಕಮ್ಮಿ. ದೋಸ್ತಿಗೆ ಎಷ್ಟು ಬೇಕೋ ಗೊತ್ತಿಲ್ಲ."

ಕರ್ಕಡ ಲೋಟ ನೋಡಿದ, ನನ್ನನ್ನು ನೋಡಲಿಲ್ಲ. "ಇವನಿಗೆ ಬಿಸಿನೀರು ಕೊಡಿ ಹಮೀದಾಕ" ಎಂದ.

"ಬಿಸಿನೀರಾ? ಅದಕ್ಕೆ ಎಂಥ ಬಿಲ್ಲು ಹಾಕುದು ನಾನು?" ಎಂದು ನಗುತ್ತ ಹಮೀದ್ ಒಳಗೆ ಹೋದರು.

ಕರ್ಕಡ ಲೋಟವನ್ನು ಮೇಜಿನ ಅಂಚಿಗೆ ಸರಿಸಿದ. ಆಮೇಲೆ ಅವನೇ ಶುರುಮಾಡಿದ.

"ಗೊತ್ತಾಯ್ತಲ್ಲ? ಫೋನಲ್ಲಿ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಇಲ್ಲಿಗೆ ಬಂದ ಮೇಲೆ ಸಭೆ ಇಲ್ಲ, ನಮ್ಮವರು ಒಬ್ಬರಿಲ್ಲ. ಭಾನುವಾರವೂ ಡ್ಯೂಟಿ. ಸಂಜೆ ಎಲ್ಲ ಸೇರಿ ಚಾ ಕುಡಿತಾರೆ, ನಾನು ಒಬ್ಬನೇ ಬಿಸಿನೀರು ಹಿಡ್ಕೊಂಡು ಕೂತ್ಕೊಳ್ಳುದು. ದಿಲ್ಲೀಲಿ ಇಬ್ಬರಿದ್ದೆವು ಮಾರಾಯ, ಅದು ಸುಲಭ ಇತ್ತು. ಒಂದು ದಿನ ಯಾರೋ ಕೊಟ್ಟರು, ತಗೊಂಡೆ. ಅಷ್ಟೇ ಕಥೆ."

"ಒಂದು ಲೋಟ ಚಾ, ಅದಕ್ಯಾಕಿಷ್ಟು?" ಎಂದೆ.

"ನೀನು ಹೀಗೆ ಹೇಳ್ತಿ ಅಂತ ಗೊತ್ತಿತ್ತು. ವೃತ್ತದಲ್ಲಿ ನಿಲ್ಲುವ ಮೊದಲು ಸಭೆಯ ಹಿರಿಯರು ಕೇಳ್ತಾರೆ, ನೇಮ ಎಲ್ಲ ನಡೆಸ್ತಿದ್ದೀಯಾ ಅಂತ. ನಾನು ಎಂಥ ಹೇಳುದು? ಸುಳ್ಳು ಹೇಳಿ ನಿನ್ನ ಮಗಳ ಕೆಳಗೆ ಕೈ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಆಗುವುದಿಲ್ಲವೆಂದು ನನಗೂ ಗೊತ್ತಿತ್ತು. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ; ಹಾಗೆ ಹೇಳುವುದನ್ನು ಕಲಿತದ್ದೂ ಅವನಿಂದಲೇ. ಬಿಸಿನೀರು ಬಂತು. ದಿಲ್ಲಿಯ ಮನೆಗಳಲ್ಲಿ ಕೊಡುತ್ತಿದ್ದ ಹಾಗೆ ಹಮೀದ್ ಅದಕ್ಕೆ ನಿಂಬೆ ಹಿಂಡಿದ್ದರು. ಕುಡಿದೆ. ಕರ್ಕಡನ ಚಹಾ ಕೆನೆಗಟ್ಟಿ ಹಾಗೇ ಕೂತಿತ್ತು.

"ವೃತ್ತ ಬಿಡು, ಬರಾಕಾದ್ರೂ ಬಾ. ಅವ್ವ ಕೇಳ್ತಾಳ."

"ಬಂದು ಹಿಂದಿನ ಬೆಂಚಲ್ಲಿ ಕೂರುದಾ? 'ಬ್ರದರ್, ನೀವ್ಯಾಕೆ ನಿಲ್ಲಲಿಲ್ಲ' ಅಂತ ನಾಲ್ಕು ಜನ ಕೇಳುದು. ಬೇಡ ಮಾರಾಯ. ನಾಳೆ ಹೇಗೂ ರಜೆ ಹಾಕಿದ್ದೇನೆ, ಮಲಗ್ತೇನೆ."

ರಜೆ ಹಾಕಿದ್ದಾನೆ! ಆ ಮಾತನ್ನು ನಾನು ಹಿಡಿದುಕೊಂಡೆ. ಹೋಳಿಗೆಯ ಡಬ್ಬಿ ಅವನ ಕೈಗಿಟ್ಟೆ. ಅಲ್ಲೇ ನಿಂತು ಒಂದನ್ನು ತಿಂದ, ಒಂದನ್ನು ಹಮೀದ್‌ಗೆ ಕೊಟ್ಟ.

ಮಧ್ಯಾಹ್ನದ ಬಸ್ಸಿಗೆ ಅವನೇ ನನ್ನನ್ನು ಹತ್ತಿಸಿದ. ಬಾಗಿಲು ಉಸ್ಸೆಂದು ಮುಚ್ಚಿತು. ಅವನು ಹೊರಗೆ, ನಾನು ಒಳಗೆ. ಗಾಜಿಗೆ ಬಾಯಿಟ್ಟು ಕೂಗಿದೆ: "ಮುಂದಿನ ಸ್ಟೇಷನ್ನಿನ್ಯಾಗ ಇಳದು ಕಾಯ್ತೇನಿ!" ಕೇಳಿಸಿತೋ ಇಲ್ಲವೋ. ಕೈಯಲ್ಲಿ ಡಬ್ಬಿ ಹಿಡಿದು ನಿಂತೇ ಇದ್ದ. ಬಸ್ಸು ತಿರುಗುವವರೆಗೂ ಕಾಣುತ್ತಿದ್ದ.

ಅಬುಧಾಬಿಯಲ್ಲಿ ಇಳಿದಾಗ ಇಳಿಬಿಸಿಲು. ದುಬೈ ಬಸ್ಸು ಸಿದ್ಧವಾಗಿತ್ತು. ಹತ್ತಲಿಲ್ಲ. ಪಶ್ಚಿಮದ ಬಸ್ಸುಗಳು ಬರುವ ಕಡೆ ಬೆಂಚಿನಲ್ಲಿ ಕೂತೆ. ಸುನೀತಾ ಫೋನ್ ಮಾಡಿದಳು, ಹಿಂದೆ ಮಗು ಅಳುತ್ತಿತ್ತು.

"ಎಲ್ಲದೀರಿ?"

"ಅಬುಧಾಬಿ ಸ್ಟ್ಯಾಂಡಿನ್ಯಾಗ. ಕಾಯಾಕತ್ತೇನಿ."

"ಅವ್ರು ಬರ್ತೇನಿ ಅಂದ್ರೇನು?"

"ಒಲ್ಲೆ ಅಂದಾನ."

"ಮತ್ಯಾರ್ನ ಕಾಯ್ತೀರಿ?"

"ಇನ್ನೊಂದು ಬಸ್ ನೋಡಿ ಬರ್ತೇನಿ" ಎಂದೆ.

ಗಾಳಿ ತಂಪಾಯಿತು. ಇಲ್ಲಿಯವರಿಗೆ ಇದೇ ಚಳಿಗಾಲ. ಮಕ್ಕಳಿಗೆ ಉಲ್ಲನ್ ಟೋಪಿ ಹಾಕಿದ ತಾಯಂದಿರು ಅವಸರದಲ್ಲಿ ಹೋಗುತ್ತಿದ್ದರು. ನನಗೆ ದಿಲ್ಲಿಯ ಆ ಕಂಬ ನೆನಪಾಯಿತು. ಅಂದು ಕಾಯುವಾಗ ಅತ್ತಿದ್ದೆ. ಈಗ ಕಾಯುವಾಗ, ಅವನು ಬಾರದಿದ್ದರೂ ಇಳಿದು ಕಾದೆನಲ್ಲ ಎಂಬ ಸಮಾಧಾನವಿತ್ತು. ಬಸ್ಸು ಬಂತು. ಶಾಲು ಹೊದ್ದ ಪಠಾಣರು ಇಳಿದರು, ಇಬ್ಬರು ನರ್ಸುಗಳು ಇಳಿದರು, ಗ್ಯಾಸ್ ಕಂಪನಿಯ ನೀಲಿ ಅಂಗಿಯ ಗುಂಪೊಂದು ಇಳಿಯಿತು. ಇನ್ನು ಯಾರೂ ಇಲ್ಲವೆಂದು ಎದ್ದೆ. ಕೊನೆಯ ಮೆಟ್ಟಿಲ ಮೇಲೆ ಹ್ಯಾಂಗರಿಗೆ ಹಾಕಿದ ಬಿಳಿ ಅಂಗಿಯೊಂದು ಕಾಣಿಸಿತು. ಅದರ ಹಿಂದೆ ಕರ್ಕಡ.

"ಎಂಥ ನೋಡ್ತಿ? ಇಸ್ತ್ರಿ ಹಾಕ್ಲಿಕ್ಕೆ ತಡ ಆಯ್ತು."

"ನಿನಗ ಕೇಳಿಸ್ತೇನು, ನಾ ಕೂಗಿದ್ದು?"

"ಎಲ್ಲಿ ಕೇಳ್ತದೆ? ನಿನ್ನ ಬಾಯಿ ಆಡಿದ್ದು ಕಂಡಿತು. ಬೇರೆ ಎಂಥ ಹೇಳ್ತಿ ನೀನು?" ಆಮೇಲೆ ಬೆರಳೆತ್ತಿ ಎಚ್ಚರಿಸಿದ: "ವೃತ್ತಕ್ಕೆ ಬರುದಿಲ್ಲ. ಅದು ಖಲಾಸ್. ಅಲ್ಲಿ ಮೈಕ್ ಹಿಡಿಲಿಕ್ಕೆ ಒಬ್ಬ ಬೇಕಲ್ಲ? ಅದಕ್ಕೆ ಹಿರಿಯರು ಏನೂ ಕೇಳುದಿಲ್ಲವಲ್ಲ?"

"ಇಲ್ಲ. ಕೈ ಗಟ್ಟಿ ಇದ್ರ ಸಾಕು."

"ಹಾಗಾದ್ರೆ ಯಲ್ಲಾ, ನಡಿ."

ದುಬೈ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಕಡೆ ಸೀಟು ಸಿಕ್ಕಿತು. ಹ್ಯಾಂಗರನ್ನು ಕಿಟಕಿಯ ಪರದೆಯ ಕಂಬಿಗೆ ಸಿಕ್ಕಿಸಿ, ಅಂಗಿಯ ಕಾಲರು ಮುದುಡದಂತೆ ಎರಡು ಸಲ ನೋಡಿ, ಊರು ದಾಟುವುದರೊಳಗೆ ನಿದ್ದೆ ಹೋದ. ಅವ್ವನಿಗೆ ಫೋನ್ ಮಾಡಿದೆ.

"ಕರದೇನೋ?" ಎಂದಳು.

"ಕರದೆ, ಬೇ. ಬಾಜೂಕ ಮಲಗ್ಯಾನ."

"ಎಬ್ಬಸಬ್ಯಾಡ" ಎಂದಳು ಅವ್ವ.

ಎಬ್ಬಿಸಲಿಲ್ಲ. ಹೊರಗೆ ಮತ್ತೆ ಮಂಜು ಕಟ್ಟತೊಡಗಿತ್ತು. ಬಸ್ಸು ಹೊರಳಿದಾಗಲೆಲ್ಲ ಬಿಳಿ ಅಂಗಿಯ ತೋಳು ತೂಗಿ ಬಂದು ನನ್ನ ಹೆಗಲಿಗೆ ತಾಗುತ್ತಿತ್ತು.