ಅಮ್ಮ ಬೇಡವೆಂದ ಈಡು

ಕೋವಿ ಆರಿಸಲು ಭಾವ ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದದ್ದು ನಾನು ಬಿ.ಎಸ್ಸಿ. ಮುಗಿಸಿದ್ದೆ ಎಂಬ ಒಂದೇ ಕಾರಣಕ್ಕೆ. ಕಾಲೇಜಿನಲ್ಲಿ ಬಂದೂಕಿನ ಪಾಠ ಇರುವುದಿಲ್ಲ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ.

“ಡಬ್ಬಿ ಮೇಲಿನ ಇಂಗ್ಲಿಷ್ ಓದಕ್ಕಾದ್ರೂ ಬತ್ತದಲ್ಲ, ಬಾ ಮಾರಾಯ” ಎಂದರು.

ನಮ್ಮ ಮನೆ ಶಿಕಾರಿಪುರ ತಾಲ್ಲೂಕಿನಲ್ಲಿ, ಈಸೂರಿನ ಆಸುಪಾಸು. ಅಕ್ಕನನ್ನು ಕೊಟ್ಟದ್ದು ಸೊರಬದ ಕಡೆ, ಕುಪ್ಪಗಡ್ಡೆಯ ಹತ್ತಿರದ ಒಂದು ಹಳ್ಳಿಗೆ. ಐವತ್ತರ ದಶಕದ ಕೊನೆಯ ವರ್ಷಗಳವು. ಭತ್ತ ಕಾಳುಗಟ್ಟುವ ಹೊತ್ತಿಗೆ ಸರಿಯಾಗಿ ಕಾಡಂಚಿನ ಗದ್ದೆಗೆ ಜಿಂಕೆಯ ಹಿಂಡು ಇಳಿಯುತ್ತಿತ್ತು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಅಲೆದಾಡಿ ಅಲೆದಾಡಿ ಭಾವನಿಗೆ ಕೊನೆಗೂ ಬೆಳೆ ಕಾಯುವುದಕ್ಕೆಂದು ಕೋವಿಯ ಲೈಸೆನ್ಸ್ ಸಿಕ್ಕಿತ್ತು. ಬೇಟೆಗೆ ಆಗ ಇಂದಿನ ಕಟ್ಟುನಿಟ್ಟು ಇರಲಿಲ್ಲ.

ಅಂಗಡಿಯವನು ಮೊದಲು ತೆಗೆದಿಟ್ಟದ್ದು ಒಂದು ರೈಫಲ್. ಅದರ ತೋಟಾ ಬೆರಳುದ್ದದ ಹಿತ್ತಾಳೆಯದು, ತುದಿಗೆ ಒಂದೇ ಒಂದು ಚೂಪು ಗುಂಡು. ಭಾವ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಹೊರಳಿಸಿ ಹೊರಳಿಸಿ ನೋಡಿದರು. ನಾನು ಡಬ್ಬಿಯ ಮೇಲಿದ್ದುದನ್ನು ಓದಿ ಹೇಳಿದೆ: ಗುಂಡು ಒಂದು ಮೈಲಿಗೂ ಮೀರಿ ಹೋಗುತ್ತದೆ, ಅಷ್ಟು ದೂರದವರೆಗೂ ಅಪಾಯ.

“ಮೈಲಿ ಮೇಲೆನಾ?” ಭಾವ ತೋಟಾವನ್ನು ಮೇಜಿನ ಮೇಲಿಟ್ಟುಬಿಟ್ಟರು. “ನಮ್ಮ ಹಳುವಿನಾಗೆ, ಈ ಪೊದೆಗಾಡಿನಾಗೆ, ಕಲ್ಲೆಸೆದಷ್ಟು ದೂರ ಕಂಡ್ರೆ ಹೆಚ್ಚು. ಇದು ಜಿಂಕೆ ದಾಟ್ಕಂಡು ಹೋಗಿ ಹಿಂದೆ ಸೋವಕ್ಕೆ ಬರೋರ ಎದೆಗೆ ಬಿದ್ರೆ ಯಾರು ಜವಾಬ್ದಾರಿ?”

ಆ ಸೀಮೆಯಲ್ಲಿ ಜಿಂಕೆ ಬೇಟೆಯೆಂದರೆ ಒಬ್ಬಿಬ್ಬರ ಕೆಲಸವಲ್ಲ. ಊರಿನ ಅರ್ಧ ಜನ ಕಾಡಿನ ಒಂದು ಮಗ್ಗುಲಿನಿಂದ ತಗಡು ಬಡಿಯುತ್ತ, ಕೂಗು ಹಾಕುತ್ತ ಪ್ರಾಣಿಗಳನ್ನು ಅಟ್ಟಿಕೊಂಡು ಬರುತ್ತಾರೆ. ಅದೇ ಸೋವು. ಕೋವಿಯವರು ಇನ್ನೊಂದು ಮಗ್ಗುಲಲ್ಲಿ ಸಾಲಾಗಿ ನಿಂತು ಕಾಯುತ್ತಾರೆ. ಜಿಂಕೆ ಎದುರಿಗೆ ಬಂದಾಗ ಅದರ ಬೆನ್ನ ಹಿಂದೆಯೇ ಅಣ್ಣ ತಮ್ಮಂದಿರೂ ಬರುತ್ತಿರುತ್ತಾರೆ.

ಅಂಗಡಿಯವನಿಗೆ ಅರ್ಥವಾಯಿತು. “ಹಂಗಾದ್ರೆ ಹನ್ನೆರಡು ಬೋರಿನ ಒಂಟಿ ನಳಿಗೆ ತಗೊಳ್ರೀ. ಜಿಂಕೆಗೆ ದೊಡ್ಡ ಚರೆ ತುಂಬಿದ ತೋಟಾ ಬರ್ತೈತಿ, ಒಂದರಾಗ ಎಂಟ್ಹತ್ತು ಸೀಸದ ಗುಂಡು. ಹತ್ರದಾಗ ಕೆಡವ್ತದೆ, ದೂರ ಹೋದ್ರೆ ಅದಕ್ಕ ಅಷ್ಟು ಬಲ ಇರಂಗಿಲ್ಲ” ಎಂದ.

ಭಾವ ಅದನ್ನೇ ಆರಿಸಿದರು. ಕೈಯಲ್ಲಿ ಕೋವಿ ಇದ್ದವರೆಲ್ಲ ತಮಗೆ ಎಷ್ಟು ದೊಡ್ಡ ಕೊಂಬು ಸಿಕ್ಕೀತು ಎಂದು ಯೋಚಿಸುತ್ತಿದ್ದ ಕಾಲದಲ್ಲಿ ಅವರು ಯೋಚಿಸಿದ್ದು ತಪ್ಪಿದ ಗುಂಡು ಎಲ್ಲಿಗೆ ಹೋದೀತು ಎಂದು. ಅಂಥವರ ಕೈಗೇ ಆ ಆಪತ್ತು ಬರಬೇಕಾಗಿತ್ತೇ ಎಂದು ಇವತ್ತಿಗೂ ಅನಿಸುತ್ತದೆ.

ಭೂಮಿ ಹುಣ್ಣಿಮೆ ಕಳೆದು ಕೆಲವು ದಿನಕ್ಕೆ ಸೋವಿನ ದಿನ ಗೊತ್ತಾಯಿತು. ಬೆಳಿಗ್ಗೆ ಎಲ್ಲರೂ ಸೇರಿದ್ದು ಕಾಡಂಚಿನ ಚೌಡಮ್ಮನ ಕಲ್ಲಿನ ಮುಂದೆ. ಊರ ಗೌಡರೇ ಬೇಟೆಯ ಯಜಮಾನರು. ಅರವತ್ತು ದಾಟಿದ ಒಣಕಲು ಆಳು, ಮಾತು ಮಾತ್ರ ಹಸಿ. ನನ್ನನ್ನು ನೋಡಿದವರೇ, “ಏನ್ರೀ ಶಿಕಾರಿಪುರದೋರೆ, ನಿಮ್ಮೂರ ಹೆಸರಿನಾಗೆ ಇರೋ ಶಿಕಾರಿ ಮುಗೀತು ಅಂತ ಇಲ್ಲಿಗೆ ಬಂದ್ರಾ?” ಎಂದು ನಗಿಸಿದರು.

“ನೋಡಕ್ಕ ಬಂದೀನ್ರೀ ಗೌಡ್ರೇ.”

“ನೋಡೋರಿಗೆ ಪಾಲಿಲ್ಲ ಮತ್ತೆ!”

ಅಲ್ಲಿಯ ಪದ್ಧತಿ ಇದು: ಬೇಟೆಗೆ ಬಂದವರೆಲ್ಲ ತಮ್ಮ ಮದ್ದು ತುಂಬಿದ ಕೊಂಬು, ಚರೆ, ತೋಟಾಗಳನ್ನು ಅಮ್ಮನ ಮುಂದೆ ಒಂದೇ ಬಾಳೆಲೆಯ ಮೇಲೆ ಇಡಬೇಕು. ಗೌಡರು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮದ್ದಿನ ಕೊಂಬುಗಳಿಗೂ ಚರೆಗೂ ಹಚ್ಚಿ, ಪ್ರಸಾದದಂತೆ ಎಲ್ಲರಿಗೂ ಹಂಚುತ್ತಾರೆ. ಯಾರದು ಯಾರಿಗೆ ಬಂತು ಎಂದು ಕೇಳುವಂತಿಲ್ಲ. ಅಮ್ಮ ಕೊಟ್ಟದ್ದು. ಊರಿನ ಕೋವಿಗಳೆಲ್ಲ ನಳಿಗೆಯ ಬಾಯಿಂದ ಮದ್ದು ಜಡಿಯುವ ಹಳೆಯ ಕೇಪಿನ ಕೋವಿಗಳಾಗಿದ್ದುದರಿಂದ ಇದರಿಂದ ಯಾರಿಗೂ ಕೇಡಿರಲಿಲ್ಲ. ಮದ್ದು ಯಾರದಾದರೂ ಮದ್ದೇ. ತೋಟಾ ಹಾಕುವ ಕೋವಿ ಅಷ್ಟು ವರ್ಷವೂ ಇದ್ದದ್ದು ಗೌಡರದೊಂದೇ. ಅವರ ತೋಟಾ ಅವರಿಗೇ ಮರಳುತ್ತಿತ್ತು.

ಈ ವರ್ಷ ಎಲೆಯ ಮೇಲೆ ಎರಡು ಮನೆಯ ತೋಟಾಗಳು ಬಿದ್ದವು. ಗೌಡರ ಕೋವಿ ಇಪ್ಪತ್ತು ಬೋರಿನದು, ಭಾವನದು ಹನ್ನೆರಡು. ಬೋರಿನ ಲೆಕ್ಕ ತಲೆಕೆಳಗು, ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಆದರೆ ಎಲೆಯ ಮೇಲೆ ಕುಂಕುಮ ಮೆತ್ತಿಕೊಂಡು ಬಿದ್ದ ರಟ್ಟಿನ ತೋಟಾಗಳಲ್ಲಿ ದಪ್ಪ ಯಾವುದು, ಸಣ್ಣ ಯಾವುದು ಎಂದು ಅಲ್ಲಿದ್ದ ಯಾರ ಕಣ್ಣಿಗೂ ಬೀಳಲಿಲ್ಲ. ಭಾವ ಎರಡೂ ಕೈಯೊಡ್ಡಿ ತಮ್ಮ ಪಾಲನ್ನು ತೆಗೆದುಕೊಂಡು, ಕಣ್ಣಿಗೊತ್ತಿ ಜೇಬಿಗೆ ಹಾಕಿಕೊಂಡರು.

ನಾನು ಅವರ ಜೊತೆ ಒಂದು ಮತ್ತಿ ಮರದ ಬುಡದಲ್ಲಿ ನಿಂತೆ. ಗೌಡರು ನಮ್ಮ ಬಲಕ್ಕೆ, ಮಾತಾಡಿದರೆ ಕೇಳುವಷ್ಟು ದೂರದಲ್ಲಿದ್ದರು. ಆಚೆಯಿಂದ ತಗಡಿನ ಸದ್ದು ಶುರುವಾದಾಗ ಭಾವ ಕೋವಿಯನ್ನು ಕೀಲಿನಲ್ಲಿ ಮುರಿದು ನಳಿಗೆಯ ಬುಡ ತೆರೆದು, ಕಣ್ಣನ್ನು ಹಳುವಿನ ಮೇಲೆಯೇ ನೆಟ್ಟು, ಒಂದು ತೋಟಾ ತೂರಿಸಿ ಮುಚ್ಚಿದರು.

ಸದ್ದು ಹತ್ತಿರವಾಯಿತು. ತರಗೆಲೆ ಸರಸರ ಎಂದಿತು. ಗಂಡು ಜಿಂಕೆಯೊಂದು ಹಳುವಿನಿಂದ ಹೊರಗೆ ಬಂದು, ಯಾವ ಕಡೆ ಓಡುವುದೆಂದು ತಿಳಿಯದೆ ನಿಂತುಬಿಟ್ಟಿತು. ಭಾವ ಕೋವಿ ಎತ್ತಿದರು. ಎಡಗೈ ನಳಿಗೆಯ ಕೆಳಗೆ, ಕೆನ್ನೆ ಕೋವಿಯ ಮರದ ಹಿಡಿಗೆ ಒತ್ತಿ. ಬೆರಳು ಮಡಿಸಿ ಕೋವಿಯ ಕುದುರೆ ಎಳೆದರು.

ಟಕ್.

ಅಷ್ಟೇ. ಜಿಂಕೆ ಕಿವಿ ನಿಮಿರಿಸಿತು, ಕದಲಲಿಲ್ಲ. ಭಾವ ಕೋವಿ ಮುರಿದು ನೋಡಿದರು. ಬುಡ ಖಾಲಿ. “ಥೂ, ತುಂಬೇ ಇಲ್ಲ ಮಾರಾಯ!” ಎಂದು ಪಿಸುಗುಟ್ಟಿ ಇನ್ನೊಂದು ತೋಟಾ ತೆಗೆದರು. ತುಂಬಿದ್ದನ್ನು ನಾನು ಕಂಡಿದ್ದೆ. ಆದರೆ ಬುಡ ಖಾಲಿಯಿತ್ತಲ್ಲ. ಬಾಯಿ ತೆರೆಯುವಷ್ಟೂ ಹೊತ್ತಿರಲಿಲ್ಲ. ತೋಟಾದ ತುದಿ ನಳಿಗೆಯ ಬುಡಕ್ಕೆ ಮುಟ್ಟಿತ್ತು.

“ಇಳ್ಸೋ! ಕೋವಿ ಇಳ್ಸು!” ಗೌಡರ ದನಿ ಕಾಡನ್ನೇ ಸೀಳಿತು. “ಅಮ್ಮ ಬ್ಯಾಡ ಅಂದ್ಲು!”

ಜಿಂಕೆ ಒಂದೇ ನೆಗೆತಕ್ಕೆ ಮಾಯವಾಯಿತು. ಭಾವನ ಮುಖ ಕೆಂಪೇರಿತು. “ನಿಮ್ ಬಾಯಿಗೆ ಬೆಂಕಿ ಬೀಳ! ನಿಂತಿದ್ದ ಜಿಂಕೆ ಗೌಡ್ರೇ ಅದು!”

“ನಿಂತಿದ್ರೇನು, ಮಲಗಿದ್ರೇನು? ಟಕ್ ಅಂದ ಕೋವಿ ಸೋವು ಮುಗಿಯತಂಕ ತುಂಬಂಗಿಲ್ಲ. ನಿಮ್ಮಪ್ಪನ ಕಾಲದಿಂದ ಇರೋದು. ಇಡು ಕೆಳಗೆ.”

ಅದೂ ಅಲ್ಲಿಯ ಕಟ್ಟಳೆಯೇ. ಈಡು ಹಾರದ ಕೋವಿಗೆ ಅಮ್ಮನ ಒಪ್ಪಿಗೆಯಿಲ್ಲ. ಮೀರಿದವನಿಗೆ ಮುಂದಿನ ಬೇಟೆಯಲ್ಲಿ ಜಾಗವಿಲ್ಲ. ಭಾವ ಹಲ್ಲು ಕಚ್ಚಿ ತೋಟಾವನ್ನು ಜೇಬಿಗೆ ಹಾಕಿ, ಕೋವಿಯನ್ನು ಮರಕ್ಕೆ ಒರಗಿಸಿದರು. ನನಗೂ ಗೌಡರ ಮೇಲೆ ಸಿಟ್ಟು ಬಂದಿತ್ತು.

ಆ ಸೋವಿನಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಟಕ್ ಅಂದ ಕೋವಿಗೆ ಹಳ್ಳದ ನೀರು ಹೊಯ್ದು ತೊಳೆಯಬೇಕು ಎನ್ನುವುದು ಕಟ್ಟಳೆಯ ಉಳಿದರ್ಧ. ಎಲ್ಲರೂ ಹಳ್ಳಕ್ಕೆ ಇಳಿದೆವು. ಗೌಡರು ಭಾವನ ಕೋವಿ ಮುರಿದು, ತುದಿ ಮೇಲಾಗಿ ಹಿಡಿದು, ಚೊಂಬಿನಿಂದ ನೀರು ಬಿಟ್ಟರು. ಬುಡದಿಂದ ಧಾರೆಯಾಗಿ ಬೀಳಬೇಕಿದ್ದ ನೀರು ಬೀಳಲಿಲ್ಲ. ನಳಿಗೆ ತುಂಬಿ ತುದಿಯಿಂದ ಅವರ ಮೊಣಕೈ ಮೇಲೆಯೇ ಚೆಲ್ಲಿತು. ಬುಡದಲ್ಲಿ ಒಂದು ಕೆಂಪು ಹನಿ ಮೂಡಿ ಜಾರಿತು.

ಯಾರೋ ನಕ್ಕರು. ಗೌಡರು ನಗಲಿಲ್ಲ. ವಾಟೆ ಬಿದಿರಿನ ಕೋಲೊಂದನ್ನು ತುದಿಯಿಂದ ಇಳಿಸಿ ಮೆಲ್ಲಗೆ ಒತ್ತಿದರು. ನೀರಿನ ಜೊತೆ ಒಂದು ತೋಟಾ ಅವರ ಅಂಗೈಗೆ ಬಿತ್ತು. ಕುಂಕುಮ ತೊಳೆದುಹೋಗಿತ್ತು.

“ಇದು ನಂದು” ಎಂದರು.

ಸಣ್ಣ ತೋಟಾ ದೊಡ್ಡ ನಳಿಗೆಯೊಳಗೆ ಜಾರಿ, ಮುಂದೆ ಹೋಗಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಕೂತಿದ್ದರೆ, ಕುದುರೆ ಎಳೆದಿದ್ದರೆ, ನಳಿಗೆ ಸಿಡಿಯುತ್ತಿದ್ದದ್ದು ಭಾವನ ಎಡಗೈಯ ಮೇಲೆ, ಕಣ್ಣಿನ ಮುಂದೆ. ಅಲ್ಲಿದ್ದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಗೌಡರು ಒದ್ದೆ ಬಂಡೆಯ ಮೇಲೆ ಕೂತುಬಿಟ್ಟರು. ಬೆಳಿಗ್ಗೆ ಅದನ್ನು ಪ್ರಸಾದವೆಂದು ಕೊಟ್ಟದ್ದು ಅವರ ಕೈಯೇ. ಭಾವ ಅವರ ಪಕ್ಕದಲ್ಲಿ ಕೂತು, “ಎಲೆ ಅಡಿಕೆ ಇದ್ರೆ ಕೊಡಿ ಗೌಡ್ರೇ” ಎಂದರು. ಗೌಡರು ಸಂಚಿ ಬಿಚ್ಚಿದರು. ಇಬ್ಬರ ಎಲೆಗೂ ಸುಣ್ಣ ಹಚ್ಚಿದ್ದು ಭಾವನೇ.

ಅಮ್ಮ ತಡೆದಳು ಎಂದು ಊರು ನಂಬಿತು. ನಾನು ನಂಬುವವನಲ್ಲ. ಆಪತ್ತು ತಂದದ್ದೂ ಪದ್ಧತಿಯೇ, ಕಳೆದದ್ದೂ ಪದ್ಧತಿಯೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಾಗೆ ಹೇಳಿಕೊಂಡ ಮೇಲೂ ಆ ಮುದುಕರ ಕೂಗು ನೆನಪಾದಾಗ ಕೈಗಳು ತಾವಾಗಿ ಜೋಡಿಯಾಗುತ್ತವೆ. ಒಂದು ಉಸಿರಿನಷ್ಟು ತಡವಾಗಿ ಕೂಗಿದ್ದರೆ? ಗಾಳಿ ಆ ಕಡೆ ಬೀಸಿ ಟಕ್ ಎಂಬ ಸದ್ದು ಅವರಿಗೆ ಕೇಳದೆ ಹೋಗಿದ್ದರೆ? ಎಷ್ಟೋ ಸಲ ನಿದ್ದೆಗೆ ಜಾರುವಾಗ ಆ ತೋಟಾದ ತುದಿ ನಳಿಗೆಯ ಬುಡಕ್ಕೆ ಮುಟ್ಟುತ್ತದೆ, ನಾನು ಎದ್ದು ಕೂರುತ್ತೇನೆ. ಮುಂದಿನ ವರ್ಷದಿಂದ ಗೌಡರು ತೋಟಾಗಳಿಗೆ ಮನೆಗೊಂದು ದೊನ್ನೆ ಬೇರೆ ಇಡಿಸಿದರಂತೆ. ಕುಂಕುಮವನ್ನು ಮಾತ್ರ ಬಿಡಲಿಲ್ಲ.

ಆ ವರ್ಷ ಜಿಂಕೆಗಳು ಗದ್ದೆಯ ಒಂದು ಮೂಲೆಯನ್ನು ತಿಂದುಕೊಂಡವು. ಉಳಿದದ್ದನ್ನು ಕೊಯ್ಯುವ ದಿನ ನಾನಿನ್ನೂ ಅಲ್ಲೇ ಇದ್ದೆ. ಭಾವ ಹಗ್ಗ ಹಾಸಿ, ಕೊಯ್ದ ಭತ್ತದ ಸಿವುಡು ಜೋಡಿಸಿ, ಮೊಣಕಾಲು ಕೊಟ್ಟು ಹೊರೆ ಬಿಗಿಯುತ್ತಿದ್ದರು. ಬದುವಿನ ಮೇಲೆ ನಿಂತು ಆ ಎಡಗೈಯನ್ನು ಎಷ್ಟು ಹೊತ್ತು ನೋಡಿದೆನೋ.

“ಏನು ಹಂಗೆ ನೋಡ್ತೀಯ? ಬಂದು ಈ ಕಡೆ ಹಿಡಿ” ಎಂದರು.

ಇಳಿದು ಹೋಗಿ ಹಗ್ಗದ ಆ ತುದಿ ಹಿಡಿದೆ. ಅವರು ಈ ತುದಿಯನ್ನು ಎರಡೂ ಕೈಯಿಂದ ಜಗ್ಗಿದ ರಭಸಕ್ಕೆ ನಾನು ಮುಗ್ಗರಿಸಿದೆ.