ಓಣಿಯಲ್ಲಿ ಬಿಟ್ಟ ಚಪ್ಪಲಿಗಳು

ಆಗೆಲ್ಲ ಗೌನಿಪಲ್ಲಿ ಕಡೆ ಶಾಲೆ ತೆರೆದರೂ ಮಾವಿನ ಸುಗ್ಗಿ ಮುಗಿದಿರುತ್ತಿರಲಿಲ್ಲ. ನಮ್ಮ ಪುಸ್ತಕಗಳಿಗೂ ಸೊನೆಯ ವಾಸನೆ, ತುಟಿಯಂಚಿನಲ್ಲಿ ಸೊನೆ ಸುಟ್ಟ ಕಲೆ. ಬಿಡುವಿನಲ್ಲಿ ಒಣಗಿದ ಮಾವಿನ ಓಟೆಗಳನ್ನು ಗುರಿಯಿಟ್ಟು ಹೊಡೆಯುವ ಆಟ. ನಾನು ಐದನೇ ತರಗತಿ; ತಮ್ಮ ಸೀನ ಆಗಷ್ಟೇ ಒಂದನೆಯದಕ್ಕೆ ಸೇರಿದ್ದ.

ಶಾಲೆ ನಡೆಯುತ್ತಿದ್ದುದು ಒಂದು ಹಳೇ ಮನೆಯಲ್ಲಿ. ಬೀದಿ ಬಾಗಿಲಿನಿಂದ ಒಳಕ್ಕೆ ಇಕ್ಕಟ್ಟಾದ ಓಣಿ, ಅದರ ಕೊನೆಗೆ ನಮ್ಮ ಕೋಣೆ, ಅದನ್ನು ದಾಟಿದರೆ ಚಿಕ್ಕವರ ಕೋಣೆ. ಕಿಟಕಿಗಳಿಗೆ ಸರಳು. ಮೇಕೆಗಳು ನುಗ್ಗುತ್ತವೆಂದು ಹಿತ್ತಿಲ ಬಾಗಿಲಿಗೆ ಹಲಗೆ ಹೊಡೆದಿದ್ದರು. ಸರಸ್ವತಿ ಪಟವಿದ್ದ ಕೋಣೆಗೆ ಚಪ್ಪಲಿ ತರುವಂತಿಲ್ಲ; ಬೀದಿಯಲ್ಲಿ ಬಿಟ್ಟರೆ ನಾಯಿ ಕಚ್ಚಿಕೊಂಡು ಹೋಗುತ್ತಿತ್ತು. ಹಾಗಾಗಿ ಎಲ್ಲರ ಚಪ್ಪಲಿಯೂ ಓಣಿಯಲ್ಲೇ. ಬೀದಿ ಬಾಗಿಲ ಪಕ್ಕದ ಗರಿಯ ಚಪ್ಪರದಲ್ಲಿ ರತ್ನಮ್ಮ ಬಿಸಿಯೂಟ ಬೇಯಿಸುತ್ತಿದ್ದರು. ಒಂದೊಂದಕ್ಕೂ ಕಾರಣವಿತ್ತು. ಎಲ್ಲವೂ ಸೇರಿದರೆ ಏನಾಗಬಹುದೆಂದು ಯಾರೂ ಯೋಚಿಸಿರಲಿಲ್ಲ.

ಅವತ್ತು ಮೊದಲು ಬಂದದ್ದು ಒಗ್ಗರಣೆಯ ಘಮ. ಆಮೇಲೆ ಹೊಗೆ. ಬಾಣಲೆಯ ಎಣ್ಣೆ ಹೊತ್ತಿಕೊಂಡು ಚಪ್ಪರದ ಗರಿಗೆ ತಗುಲಿತ್ತು.

"ಅಯ್ಯೋ ದೇವುಡಾ, ಪಿಲ್ಲಲು! ಮಕ್ಕಳು ಒಳಗವ್ರೆ!" ರತ್ನಮ್ಮ ಕಿರುಚಿದರು.

ಎಲ್ಲರೂ ಓಣಿಗೆ ನುಗ್ಗಿದೆವು. ನುಗ್ಗಿ, ಅಲ್ಲೇ ಸಿಕ್ಕಿಕೊಂಡೆವು. ಮುಂದಿದ್ದವರು ಬಗ್ಗಿ ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಚಿಕ್ಕವರ ಕೋಣೆಯಿಂದ ನಾನು ಎಳೆದು ತಂದಿದ್ದ ಸೀನ ನನ್ನ ಕೈ ಬಿಡಿಸಿಕೊಂಡು ಕುಕ್ಕರಗಾಲಲ್ಲಿ ಕೂತೇಬಿಟ್ಟ.

"ಬಾರೋ, ಸೀನಾ!"

"ತಾಳೇ ಅಕ್ಕಾ, ಒಂದೇ ಸಿಕ್ತು. ಹೊಸಾದು ಕಣೇ, ಅಮ್ಮ ಹೊಡೀತಾಳೆ." ಹೇಳುತ್ತಲೇ ಕೆಮ್ಮಿದ.

ಹಿಂದಿನಿಂದ ಸಾವಿತ್ರಿ ಮಿಸ್ಸು ಕೂಗಿದರು: "ಚಪ್ಪಲಿ ಬಿಡ್ರೋ, ನಡೀರಿ!" ಯಾರೂ ಕದಲಲಿಲ್ಲ. ಮಿಸ್ಸು ಮುಳಬಾಗಿಲಿನ ಮಡಿವಂತ ಮನೆಯವರು. ನಮ್ಮ ಚಪ್ಪಲಿ ತಗುಲಿದರೆ ಹೋಗಿ ಕಾಲು ತೊಳೆದು ಬರುತ್ತಿದ್ದರು. ಅವರು ನಮ್ಮ ನಡುವೆ ತೂರಿ ಬಂದು, ಬಗ್ಗಿ, ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಬಾಚಿ ಎದೆಗವುಚಿಕೊಂಡು, ನಮ್ಮ ತಲೆಗಳ ಮೇಲಿಂದ ಬೀದಿಗೆ ಎಸೆದರು. ಮತ್ತೆ ಬಾಚಿದರು, ಮತ್ತೆ ಎಸೆದರು.

"ಲೇ, ನಿಮ್ ಚಪ್ಪಲಿ ಎಲ್ಲಾ ಬೀದೀಲೈತೆ! ಓಡ್ರೋ, ನಾಯಿ ಎತ್ಕೊಂಡ್ ಹೋಗ್ತೈತೆ!"

ಆಗ ಓಡಿದೆವು, ಚಪ್ಪಲಿಯ ಹಿಂದೆ. ಸೀನ ನನಗಿಂತ ಮುಂದೆ.

ಮಿಸ್ಸು ಒಳಕೋಣೆಯನ್ನು ಮತ್ತೊಮ್ಮೆ ನೋಡಿ ಎಲ್ಲರಿಗಿಂತ ಕೊನೆಗೆ ಬಂದರು. ಚಪ್ಪರ ಉರಿದು ಬೂದಿಯಾಯಿತು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಮಿಸ್ಸು ಹೊಂಗೆ ಮರದಡಿ ಮಣ್ಣಲ್ಲೇ ಕೂತು, ಚಪ್ಪಲಿಗಳನ್ನು ಜೋಡಿ ಮಾಡಿದರು. "ಪಿನ್ನು ಚುಚ್ಚಿರೋದು ಪದ್ಮಂದು. ಹಿಮ್ಮಡಿ ಸವೆದಿರೋದು ನಾಗರಾಜಂದು." ಯಾರನ್ನೂ ಕೇಳಲಿಲ್ಲ. ಸೀನನ ಇನ್ನೊಂದು ಮಾತ್ರ ಸಿಗಲಿಲ್ಲ. ಅಳುತ್ತಿದ್ದವನನ್ನು ಅವರೇ ಮನೆಗೆ ಕರೆತಂದರು.

ಅಮ್ಮ ಅವನ ಕಾಲು ಮುಟ್ಟಿ ಮುಟ್ಟಿ ನೋಡಿದಳು. "ಕಾಲು ಬಂದವಲ್ಲ ಮಿಸ್ಸು, ಚಪ್ಪಲಿ ಮನೆ ಹಾಳಾಗ್ಲಿ ಬಿಡಿ."

ಈಗ ಕೋಲಾರದಲ್ಲಿ ನನ್ನ ಮಗಳ ಶಾಲೆಯ ಪ್ರತಿ ಕೋಣೆಗೂ ಎರಡು ಬಾಗಿಲು, ಅಗಲವಾದ ಮೆಟ್ಟಿಲು, ಗೋಡೆಯ ಮೇಲೆ ದಾರಿ ತೋರಿಸುವ ಬಾಣ. ಸೇರಿಸುವ ಮೊದಲು ಅವನ್ನೆಲ್ಲ ನಡೆದು ನೋಡಿದ್ದೆ. ಆ ಹಳೇ ಕಟ್ಟಡ ಮುಂದೆ ಯಾವಾಗಲೋ ಬಿದ್ದುಹೋಯಿತು; ಅದಕ್ಕೆ ನನಗೆ ಬೇಸರವಿಲ್ಲ. ಮಗಳ ಶಾಲೆಯಲ್ಲಿ ಎಲ್ಲರದೂ ಒಂದೇ ಬಗೆಯ ಕಪ್ಪು ಶೂ. ಯಾವುದು ಯಾರದೆಂದು ನೋಡಿದ ಕೂಡಲೇ ಹೇಳುವವರು ಅಲ್ಲಿ ಯಾರೂ ಇಲ್ಲ.