ಮೀನಿನ ತೊಟ್ಟಿಯೂ ಕೆಳಗಿನ ಮನೆಯವರೂ

ಹೋದ ವಾರ ಪಾತ್ರೆ ತೊಳೆಯುವ ಮೆಷಿನ್ನು ಸೋರಿ ಕಾರ್ಪೆಟ್ಟು ನೆನೆಯಿತು. ಆ ಮುಗ್ಗಲು ವಾಸನೆಗೆ, ಹಿಂದೆ ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿದ್ದಾಗಿನ ನಮ್ಮ ಕೆಳಗಿನ ಮನೆಯವರು ನೆನಪಾದರು.

ಎಂಬತ್ತರ ದಶಕದ ಕೊನೆ. ಅವರು ಉಡುಪಿ ಕಡೆಯವರು, ಯಾವುದೋ ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಮಾಡುತ್ತಿದ್ದರು. ಮೇಲಿನ ಮನೆ ನಮ್ಮದು. ನಮ್ಮ ಯಜಮಾನರು ಯಾರಿಂದಲೋ ದೊಡ್ಡ ಮೀನಿನ ತೊಟ್ಟಿ ತಂದಿದ್ದರು. ಅದರ ನೀರು ಕೆಳಗಿನ ಕಪಾಟಿನಲ್ಲಿದ್ದ ಸಂಪು ಎಂಬ ಸಣ್ಣ ತೊಟ್ಟಿಗೆ ಇಳಿಯುತ್ತಿತ್ತು, ಪಂಪು ಅದನ್ನು ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲಕ್ಕೆ ಕಳಿಸುತ್ತಿತ್ತು.

ಸಂಪು ಯಾವಾಗಲೂ ಅರ್ಧವೇ ಇರುತ್ತಿತ್ತು. ನಾನೋ, ನಲ್ಲಿಯಲ್ಲಿ ನೀರು ಬಂದಾಗ ಮನೆಯ ಪಾತ್ರೆಗಳನ್ನೆಲ್ಲ ತುಂಬಿಸಿಟ್ಟು ಬೆಳೆದವಳು. ಒಂದು ಶುಕ್ರವಾರ ಪೂಜೆ ಮುಗಿಸಿ ಅದನ್ನೂ ಕಂಠಮಟ್ಟ ತುಂಬಿಸಿದೆ. ಮಧ್ಯಾಹ್ನ ಕರೆಂಟು ಹೋಯಿತು. ಪಂಪು ನಿಂತು, ತೊಟ್ಟಿಯ ನೀರು ಆ ಪಂಪಿನ ಪೈಪಿನಲ್ಲೇ ಹಿಂದಕ್ಕೆ ಇಳಿಯತೊಡಗಿತು. ಸಂಪಿನಲ್ಲಿ ಜಾಗವೆಲ್ಲಿ? ಟವೆಲ್ಲು, ಪಂಚೆ, ಸಿಕ್ಕಿದ್ದೆಲ್ಲ ಹಾಸಿದೆ... ಅಷ್ಟರಲ್ಲಿ ಕಾರ್ಪೆಟ್ಟು ನೀರು ಕುಡಿದಾಗಿತ್ತು.

ಹಿಂದೊಮ್ಮೆ ನಮ್ಮ ಬಚ್ಚಲ ನೀರು ಕೆಳಗಿಳಿದಾಗ, ಇನ್ನೊಂದು ಸಲ ಹೀಗಾದರೆ ಮನೆ ಖಾಲಿ ಮಾಡಿ ಎಂದು ಅಪಾರ್ಟ್‌ಮೆಂಟಿನ ಮ್ಯಾನೇಜರು ಕಾಗದ ಕೊಟ್ಟಿದ್ದಳು. ಈಗ ತೊಟ್ಟಿ ಉಕ್ಕಿದಾಗ ನಾನು ಏಳು ತಿಂಗಳ ಬಸುರಿ. ಕೆಳಗಿನವರು ಒಂದು ಮಾತು ಹೇಳಿದ್ದರೆ ನಾವು ಬೀದಿಗೆ.

ಮರುದಿನ ಬೆಳಿಗ್ಗೆ ಅವರು ಡ್ರಿಲ್ಲು ಹಿಡಿದು ಬಂದರು.

"ಎಂತ ತಂಗಿ, ನನ್ನ ಸೋಫಾಕ್ಕೆ ತೀರ್ಥ ಹಾಕಿದ್ಯಲ್ಲ."

ಖಾಲಿ ಇತ್ತು, ಅದಕ್ಕೇ ತುಂಬಿಸಿದೆ ಎಂದೆ.

"ಖಾಲಿ ಬಿಟ್ಟದ್ದೇ ಅದಕ್ಕೆ ಮಾರಾಯ್ತಿ. ಕರೆಂಟು ಹೋದ್ರೆ ಮೇಲಿನ ನೀರು ಎಲ್ಲಿ ಕೂತ್ಕೊಳ್ಬೇಕು?"

ತೊಟ್ಟಿಗೆ ಇಳಿಬಿಟ್ಟಿದ್ದ ಪೈಪಿನಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಸಣ್ಣ ತೂತು ಕೊರೆದರು. ನೀರು ಅಷ್ಟು ಇಳಿದೊಡನೆ ಗಾಳಿ ಒಳಹೊಕ್ಕು ಎಳೆತ ನಿಲ್ಲುತ್ತದಂತೆ. ಸಂಪಿನಿಂದ ನಾಲ್ಕು ಚೊಂಬು ನೀರು ತೆಗೆದು, ತಾವೇ ಪಂಪಿನ ಪ್ಲಗ್ಗು ಕಿತ್ತರು. ನಾನು ದೇವರ ನಾಮ ಹೇಳುತ್ತ ನಿಂತೆ. ಸಂಪಿನ ನೀರು ಏರಿತು, ಅಂಚಿಗೆ ಮೂರು ಬೆರಳು ಇರುವಾಗ ನಿಂತಿತು. ಮತ್ತೆ ಪಂಪು ಹಾಕಿ, ಸಂಪಿನ ನೀರು ಇಳಿದು ನಿಂತ ಮಟ್ಟಕ್ಕೆ ನನ್ನ ಉಗುರುಬಣ್ಣದಲ್ಲಿ ಗೆರೆ ಎಳೆದರು. ಇದರ ಮೇಲೆ ತುಂಬಿಸಬೇಡ, ತೂತಿಗೆ ಪಾಚಿ ಕಟ್ಟದ ಹಾಗೆ ವಾರಕ್ಕೊಮ್ಮೆ ಉಜ್ಜು ಎಂದರು.

ಮುಂದಿನ ವಾರ ಮ್ಯಾನೇಜರು ಮನೆಗಳನ್ನು ನೋಡಲು ಬಂದಳು. ಏನೂ ಹೇಳದೆ ಹೋದಳು. ದೇವರು ಕಾಪಾಡಿದ ಎಂದುಕೊಂಡೆ. ಆ ಮನೆಯಲ್ಲಿದ್ದಾಗಲೇ ಮಗಳು ಹುಟ್ಟಿದಳು.

ಅವರು ಆಮೇಲೆ ಮಾರ್ಗನ್ ಹಿಲ್‌ಗೆ ಹೋದರು. ತೀರಿಕೊಂಡಾಗ ನೋಡಲು ಹೋಗಿದ್ದೆ. ಆಗ ಅವರ ಹೆಂಡತಿ ಹೇಳಿದರು: ಅವತ್ತು ಅವರ ಸೀಲಿಂಗಿನಲ್ಲಿ ಮೊರದಷ್ಟು ಅಗಲ ಕಲೆಯಾಗಿತ್ತಂತೆ. ಮ್ಯಾನೇಜರು ಬರುವುದರೊಳಗೆ ಇವರು ಏಣಿ ಹತ್ತಿ ಬಣ್ಣ ಬಳಿದರಂತೆ. ಮೇಲೆ ಬಸುರಿ ಹುಡುಗಿ ಇದ್ದಾಳೆ, ಹೇಳಬೇಡ ಎಂದಿದ್ದರಂತೆ.

ಡ್ರಿಲ್ಲು ತಂದ ದಿನ ಕಾಫಿ ಕೊಟ್ಟು ಥ್ಯಾಂಕ್ಸ್ ಹೇಳಿದ್ದೆ. ಬಣ್ಣ ಬಳಿದದ್ದಕ್ಕೆ ಹೇಳಲಿಲ್ಲ... ಈಗ ಹೇಳೋಣವೆಂದರೆ ಅವರಿಲ್ಲ.